ಚಿನ್ನದ ನಾಡಿನ ನಿದ್ದೆಗೇಡು

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಅದಕ್ಕೆ ಒತ್ತಾಸೆಯಾಗಿ ಇನ್ನೊಂದು ಗಾದೆಯೂ ಉಂಟು. ಆದುದರಿಂದಲೇ ನಮ್ಮಲ್ಲಿ ಯಾರಾದರೂ ನಿದ್ದೆ ಬರುವುದಿಲ್ಲವೆಂದರೆ, ಕೇಳಿದವರು ಒಡನೆಯೇ ‘ಏನಪ್ಪಾ ನಿನಗೆ ಅಂಥ ಚಿಂತೆ?’ ಎನ್ನುತ್ತಾರೆ. ಚಿಂತೆಯನ್ನು ಬಿಡು, ದೇವರ ಧ್ಯಾನ ಮಾಡು, ನಿದ್ದೆ ತಾನಾಗಿ ಬರುತ್ತದೆ ಎಂದು ಬುದ್ಧಿ ಹೇಳುತ್ತಾರೆ. ಮಾತು ಒಳ್ಳೆಯದೇ. ಆದರೆ ಅದರಲ್ಲಿರುವುದು ಅರ್ಧ ಸತ್ಯ. ಮನಸ್ಸಿನ ನೆಮ್ಮದಿ ಕೆಟ್ಟು ನಿದ್ದೆ ಹೋಗುವುದುಂಟು. ಮನಸ್ಸಿಗೆ ಏನೇನೂ ಸಂಬಂಧವಿಲ್ಲದ ಕಾರಣಗಳಿಂದ ನಿದ್ದೆ ಹೋಗುವುದೂ ಉಂಟು. ಈ ಎರಡನೆಯ ಬಗೆಯ ನಿದ್ದೆಗೇಡನ್ನು ಮೊದಲನೆಯದೆಂದು ತಿಳಿದು ನಡೆದರೆ, ರೋಗಿಯನ್ನೇ ತಪ್ಪಿತಸ್ಥನನ್ನಾಗಿ ಮಾಡಿದಂತಾಗುತ್ತದೆ.

ಪುರಾಣಗಳಲ್ಲಿ ಆರು ತಿಂಗಳು ಮಲಗಿದ ಕುಂಭಕರ್ಣನ ಕಥೆಯಿದೆ. ವನವಾಸದಲ್ಲಿ ಅಣ್ಣನಿಗಾಗಿ ನಿದ್ದೆ ತೊರೆದ ಲಕ್ಷ್ಮಣನ ಕಥೆಯಿದೆ. ಚರಿತ್ರೆಯ ಪುಸ್ತಕಗಳಲ್ಲಿ ಮಾತ್ರ ಜನಸಾಮಾನ್ಯರ ನಿದ್ದೆಗೆ ಜಾಗ ದೊರೆತಿರುವುದು ಕಡಮೆ. ರಾಜರು ಯುದ್ಧಕ್ಕೆ ಎದ್ದ ದಿನಗಳ ಲೆಕ್ಕವುಂಟು. ಕೂಲಿಯವನು ಮಲಗಿದ ಗಳಿಗೆಗಳ ಲೆಕ್ಕವಿಲ್ಲ. ಆದರೂ ಆ ಲೆಕ್ಕವನ್ನು ಸ್ವಲ್ಪಮಟ್ಟಿಗೆ ಹಾಕಿನೋಡಬಹುದಾದ ಒಂದು ಸ್ಥಳ ನಮ್ಮ ನಾಡಿನಲ್ಲಿದೆ. ಅದೇ ಕೋಲಾರದ ಚಿನ್ನದ ಗಣಿ ಮತ್ತು ಅದರ ಹೆಬ್ಬಾಗಿಲಾದ ಬಂಗಾರಪೇಟೆ. ಇಂದು ಎಚ್.ಐ.ವಿ. ಸೋಂಕಿನೊಡನೆ ಬಾಳುತ್ತಿರುವವರನ್ನು ಲೋಕದ ಎಲ್ಲೆಡೆಯೂ ಕಾಡುವ ಒಂದು ತೊಂದರೆ ನಿದ್ದೆಯದು. ಆ ತೊಂದರೆಯನ್ನು ಈ ಸೀಮೆಯಲ್ಲಿ ನಿಂತು ಅರಿಯಬೇಕಾದರೆ ಇಲ್ಲಿಯ ನಿದ್ದೆಯ ಹಳೆಯ ಕಥೆಯನ್ನೂ ತಿಳಿದಿರಬೇಕು.

ಹಗಲಿಲ್ಲದ ಊರು

ಉರಿಗಾಂ, ಮಾರಿಕುಪ್ಪಂ ಹಳ್ಳಿಗಳ ಸುತ್ತ ಬಡಜನರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ೧೮೦೨ರಲ್ಲಿ ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿ ಕಂಡು ಬರೆದಿಟ್ಟನು. ಎಪ್ಪತ್ತು ವರ್ಷಗಳ ಮೇಲೆ, ೧೮೭೩ರಲ್ಲಿ, ಲಾವೆಲ್ ಎಂಬ ಐರಿಷ್ ಸಿಪಾಯಿ ಗಣಿ ತೋಡಲು ಮೈಸೂರು ಸರ್ಕಾರದ ಅನುಮತಿ ಬೇಡಿದನು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ಮೈಸೂರು ಗಣಿಯಲ್ಲಿ ಚಿನ್ನದ ಸಿರೆ ಸಿಕ್ಕಿತು. ಆಮೇಲೆ ಊರು ಬೆಳೆದ ಬಗೆ ಸೋಜಿಗದ್ದು. ೧೮೯೧ರ ಜನಗಣತಿಯಲ್ಲಿ ಸುಮಾರು ೭ ಸಾವಿರವಿದ್ದ ಜನಸಂಖ್ಯೆ ೧೯೦೧ರಲ್ಲಿ ೩೮ ಸಾವಿರವನ್ನು ಮುಟ್ಟಿತು. ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗೆ ಹತ್ತು ಮೈಲಿಯ ರೈಲು ಹಾದಿ ೧೮೯೪ರಲ್ಲಿ ಬಂದಿತು.

ಈ ಜನರು ಯಾರು? ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳರು, ತೆಲುಗರು. ಸುತ್ತಣ ಹಳ್ಳಿಗಳ ಕನ್ನಡಿಗರು. ಬಹುಪಾಲು ಹೊಲಗೆಲಸದವರು. ಹೊತ್ತು ಮುಳುಗಿದರೆ ಉಂಡು ಮಲಗುವುದು, ಕೋಳಿ ಕೂಗಿದರೆ ಏಳುವುದು, ಇದು ಅವರ ತಾತಂದಿರಿಂದ ಬಂದ ಪರಿಪಾಠ. ಗಣಿಗೆ ಬಂದ ಮೇಲೆ ಕೋಳಿಯ ಜಾಗದಲ್ಲಿ ಸೈರನ್ನು ಕೂತಿತು. ದಿನವನ್ನು ಪಾಳಿಗಳಾಗಿ ಕತ್ತರಿಸಿದರು. ಒಂದು ಗುಂಪು ಮೇಲೇರಿ ಬರುವ ಹೊತ್ತಿಗೆ ಇನ್ನೊಂದು ಗುಂಪು ಕೆಳಗಿಳಿಯಬೇಕು. ೧೯೦೨ರ ಜೂನ್ ತಿಂಗಳಲ್ಲಿ ಶಿವನಸಮುದ್ರದಿಂದ ೯೨ ಮೈಲಿ ದೂರ ತಂತಿಯ ಮೇಲೆ ವಿದ್ಯುತ್ತು ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದುದು ಅದಾದ ಮೂರು ವರ್ಷಗಳ ಮೇಲೆ, ೧೯೦೫ರಲ್ಲಿ. ಇದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳತಕ್ಕದ್ದೂ ಹೌದು. ಆದರೆ ಆ ವಿದ್ಯುತ್ತು ಗಣಿಯ ಯಂತ್ರಗಳಿಗೆ ಇರುಳಿನ ವಿರಾಮವನ್ನು ಇಲ್ಲವಾಗಿಸಿತೆಂಬುದೂ ಅಷ್ಟೇ ನಿಜ. ಯಂತ್ರಕ್ಕೆ ನಿದ್ದೆ ಬೇಡ. ಅದರ ಮಗ್ಗುಲಲ್ಲಿ ನಿಂತ ಮನುಷ್ಯನಿಗೆ ಬೇಕು.

ಇರುಳು ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬಂದವನು ಮಲಗುತ್ತಿದ್ದುದೆಲ್ಲಿ? ತಟ್ಟಿ ಗೋಡೆಯ ಒಂದೇ ಕೋಣೆಯ ಗುಡಿಸಲಿನಲ್ಲಿ. ಅದೇ ಕೋಣೆಯಲ್ಲಿ ಒಲೆ, ಅಲ್ಲೇ ಮಕ್ಕಳು, ಅಲ್ಲೇ ಮುದುಕರು. ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಸಾಲುಮನೆಗಳಲ್ಲಿ ಪಕ್ಕದ ಮನೆಯ ಜಗಳವೂ ತನ್ನ ಮನೆಯದೇ. ಹೀಗೆ ಮಲಗಿದವನಿಗೆ ನಿದ್ದೆ ಹರಿಯದಿದ್ದರೆ ಅದು ಯಾವ ಚಿಂತೆಯ ಫಲ? ಮನುಷ್ಯನ ಮೈಯ ಕಣಕಣದಲ್ಲಿಯೂ ಹಗಲಿರುಳನ್ನು ಎಣಿಸುವ ಒಂದು ಗಡಿಯಾರವಿದೆಯೆಂದು ಈಗ ವಿಜ್ಞಾನ ತಿಳಿಸಿದೆ. ಆ ಗಡಿಯಾರದ ಕೆಲಸವನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇರುಳು ದುಡಿದು ಹಗಲು ಮಲಗಿದವನ ನಿದ್ದೆ ತುಂಡಾಗುತ್ತದೆ, ಗಿಡ್ಡವಾಗುತ್ತದೆ. ವಾರ ವಾರಕ್ಕೆ ಪಾಳಿ ಬದಲಾದರೆ ಮೈ ಯಾವುದಕ್ಕೂ ಹೊಂದಿಕೊಳ್ಳಲಾರದು. ಗಣಿಯ ಹೆಂಗಸರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತಿತ್ತು. ಗಂಡ ಮಲಗಿದ್ದಾನೆಂದು ಮಕ್ಕಳನ್ನು ಬೀದಿಗೆ ಕಳುಹಿಸಿ ಬಾಗಿಲು ಮರೆಮಾಡುವುದು ಅಲ್ಲಿಯ ಗೃಹಿಣಿಯ ನಿತ್ಯಕರ್ಮಗಳಲ್ಲಿ ಒಂದಾಗಿತ್ತು.

ಕೆಮ್ಮಿನ ಇರುಳುಗಳು

ಚಾಂಪಿಯನ್ ರೀಫ್ ಗಣಿ ಮುಂದೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಲೋಕದ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು. ಅಲ್ಲಿ ಬಂಡೆಯ ಬಿಸಿಯೇ ೬೦ ಡಿಗ್ರಿಯನ್ನು ದಾಟುತ್ತಿತ್ತು. ಆಗಾಗ ಒತ್ತಡ ತಾಳಲಾರದೆ ಬಂಡೆ ಸಿಡಿಯುತ್ತಿತ್ತು. ಮೇಲಿನ ಮನೆಗಳಲ್ಲಿ ಮಲಗಿದ್ದವರಿಗೂ ನೆಲ ನಡುಗಿದುದು ತಿಳಿಯುತ್ತಿತ್ತು. ಆ ನಡುಕಕ್ಕೆ ಎಚ್ಚೆತ್ತ ಹೆಂಗಸು, ಗಂಡ ಅಂದು ಇರುಳು ಪಾಳಿಯಲ್ಲಿದ್ದರೆ, ಮತ್ತೆ ಕಣ್ಣು ಮುಚ್ಚುವುದೆಂತು? ಇದು ಚಿಂತೆಯೇ ಹೌದು. ಆದರೆ ಬಿಡು ಎಂದರೆ ಬಿಡಬಹುದಾದ ಚಿಂತೆಯಲ್ಲ.

ಇದಕ್ಕಿಂತ ಮೆಲ್ಲನೆ, ಇದಕ್ಕಿಂತ ಹೆಚ್ಚು ಮಂದಿಯ ನಿದ್ದೆಯನ್ನು ತಿಂದುದು ಧೂಳು. ಬಂಡೆಯನ್ನು ಯಂತ್ರದ ಬೈರಿಗೆಯಿಂದ ಕೊರೆಯುವಾಗ ಏಳುವ ನುಣುಪಾದ ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತು, ವರ್ಷಗಳು ಕಳೆದಂತೆ ಅದನ್ನು ಗಂಟುಗಂಟಾಗಿ ಗಡುಸು ಮಾಡುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಹಿಡಿದವನಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಕೂತರೆ ಕಣ್ಣು ಎಳೆಯುತ್ತದೆ. ಗೋಡೆಗೆ ಒರಗಿ ಕೆಮ್ಮುತ್ತಾ ಬೆಳಗು ಮಾಡುವುದೇ ಅವನ ಪಾಲಿನ ಇರುಳು. ಬಹುಕಾಲ ಈ ಕೆಮ್ಮಿಗೆ ಕ್ಷಯವೆಂದೋ ನ್ಯುಮೋನಿಯಾ ಎಂದೋ ಹೆಸರಿಟ್ಟು ಸುಮ್ಮನಾಗುತ್ತಿದ್ದರು. ಹಾಗೆ ಹೆಸರಿಟ್ಟಾಗ ಅದು ಕೂಲಿಯವನ ಹಣೆಬರಹವಾಗುತ್ತಿತ್ತು. ಗಣಿಗೂ ಅದಕ್ಕೂ ಸಂಬಂಧ ಉಳಿಯುತ್ತಿರಲಿಲ್ಲ.

೧೯೪೦ರ ಹೊತ್ತಿಗೆ ಮೈಸೂರು ಸಂಸ್ಥಾನ ಸಿಲಿಕೋಸಿಸನ್ನು ಪರಿಹಾರ ಕೊಡತಕ್ಕ ಕಸಬಿನ ರೋಗವೆಂದು ಒಪ್ಪಿ ನಿಯಮಗಳನ್ನು ಮಾಡಿತು. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಮಂದಿಗೆ ರೋಗ ತಗುಲಿತ್ತೆಂದು ಗೊತ್ತಾಯಿತು. ೧೯೪೭ರಲ್ಲಿ ಈ ವರದಿ ಬೆಳಕಿಗೆ ಬಂದಿತು. ಇಂಡಿಯಾದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದುದು ಕೋಲಾರದ ಗಣಿಯಿಂದಲೇ ಎಂದು ವೈದ್ಯಕೀಯ ಪುಸ್ತಕಗಳು ಇಂದಿಗೂ ಹೇಳುತ್ತವೆ. ಇಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಕೆಮ್ಮು ಮೊದಲೂ ಇತ್ತು, ನಿದ್ದೆಗೇಡು ಮೊದಲೂ ಇತ್ತು. ಕಾರಣಕ್ಕೆ ಸರಿಯಾದ ಹೆಸರು ಸಿಕ್ಕಿದ ಮೇಲೆ ಪರಿಹಾರದ ಮಾತು ಹುಟ್ಟಿತು, ಧೂಳನ್ನು ನೀರಿನಿಂದ ತಗ್ಗಿಸುವ ಮಾತು ಬಲವಾಯಿತು. ಹೆಸರಿಲ್ಲದ ನೋವಿಗೆ ನ್ಯಾಯಾಲಯದಲ್ಲಿಯೂ ಜಾಗವಿಲ್ಲ, ಆಸ್ಪತ್ರೆಯಲ್ಲಿಯೂ ಇಲ್ಲ.

ಬೆಳಗಿನ ಜಾವದ ರೈಲು

೧೯೫೬ರಲ್ಲಿ ಮೈಸೂರು ಸರ್ಕಾರವೂ ೧೯೬೨ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. ಆಳ ಹೆಚ್ಚಿದಂತೆ ಖರ್ಚು ಹೆಚ್ಚಿತು, ಅದಿರಿನಲ್ಲಿ ಚಿನ್ನ ಕಡಮೆಯಾಯಿತು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನ ಕೊಟ್ಟ ನೆಲದಲ್ಲಿ ಉಳಿದುದು ಮೂರು ಕೋಟಿ ಟನ್ನಿಗೂ ಮಿಕ್ಕ ಸಯನೈಡ್ ದಿಬ್ಬಗಳು ಮತ್ತು ಗಾಳಿ ಬೀಸಿದಾಗಲೆಲ್ಲ ಅವುಗಳಿಂದ ಏಳುವ ಧೂಳು.

ಸೈರನ್ನು ನಿಂತಿತು, ನಿದ್ದೆ ಮರಳಲಿಲ್ಲ. ಕೆಲಸ ಹುಡುಕಿ ಸಾವಿರಾರು ಮಂದಿ ದಿನವೂ ಬೆಂಗಳೂರಿಗೆ ಹೋಗತೊಡಗಿದರು. ಮಾರಿಕುಪ್ಪಂನಿಂದ ಹೊರಟು, ಉರಿಗಾಂ, ಬಂಗಾರಪೇಟೆ ಹಾದು ಹೋಗುವ ಬೆಳಗಿನ ಜಾವದ ರೈಲುಗಳೇ ಅವರ ಜೀವನಾಧಾರ. ಆ ರೈಲು ಹಿಡಿಯಬೇಕಾದರೆ ಮೂರು ಗಂಟೆಗೇ ಏಳಬೇಕು; ಬುತ್ತಿ ಕಟ್ಟುವ ಹೆಂಡತಿ ಅದಕ್ಕೂ ಮೊದಲೇ ಏಳಬೇಕು. ಮರಳಿ ಮನೆ ಸೇರುವಾಗ ರಾತ್ರಿ ಒಂಬತ್ತೋ ಹತ್ತೋ. ಸೀಟಿನ ಒರಗಿನಲ್ಲಿ, ಬಾಗಿಲ ಬಳಿ, ಪಕ್ಕದವನ ಭುಜದ ಮೇಲೆ ತೂಗುವ ತಲೆಗಳನ್ನು ಆ ರೈಲಿನಲ್ಲಿ ಇಂದಿಗೂ ಕಾಣಬಹುದು. ಸಂತೆಯಲ್ಲಿಯೂ ನಿದ್ದೆ ಬರುವವರು ಇವರೇ. ಚಿಂತೆಯಿಲ್ಲದುದರಿಂದಲ್ಲ, ಮನೆಯಲ್ಲಿ ನಿದ್ದೆ ಸಾಲದುದರಿಂದ.

ಹೊಸ ರೋಗ, ಹೊಸ ಮದ್ದು

ಗಣಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗಲೇ ದೇಶದಲ್ಲಿ ಹೊಸ ರೋಗವೊಂದು ಹರಡುತ್ತಿತ್ತು. ೧೯೮೬ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರ ಪರೀಕ್ಷೆಗಳಿಂದ ಇಂಡಿಯಾದ ಮೊದಲ ಎಚ್.ಐ.ವಿ. ಪ್ರಕರಣಗಳು ಗೊತ್ತಾದುವು. ಸೋಂಕು ಹೆಚ್ಚೆಂದು ಗುರುತಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಸೇರಿದ್ದವು. ಕೋಲಾರ ಸೀಮೆ ಈ ಮೂರು ರಾಜ್ಯಗಳ ಕೂಡುಗಡಿ. ದುಡಿಮೆಗಾಗಿ ಊರು ಬಿಟ್ಟು ತಿರುಗುವ ಜನರಿದ್ದಲ್ಲಿ ಈ ಸೋಂಕು ಬೇರೂರಿದುದನ್ನು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿಯೂ ಕಂಡಿದ್ದಾರೆ. ಅಲ್ಲಿ ಗಂಡಸರನ್ನು ಮಾತ್ರ ಕರೆತಂದು, ಹೆಂಡಿರು ಮಕ್ಕಳಿಂದ ದೂರ, ಹಾಸ್ಟೆಲುಗಳಲ್ಲಿ ಇಡುತ್ತಿದ್ದರು. ನಮ್ಮ ಗಣಿಯಲ್ಲಿ ಸಂಸಾರಗಳು ಕೂಡಿಯೇ ಇದ್ದವು. ಆದರೆ ಎರಡು ಕಡೆಗೂ ಸಮಾನವಾದುದು ಒಂದಿದೆ: ಸಿಲಿಕೋಸಿಸ್. ಕಲ್ಲಿನ ಧೂಳು ಕೂತ ಶ್ವಾಸಕೋಶಕ್ಕೆ ಕ್ಷಯ ಬೇಗ ಹತ್ತುತ್ತದೆ. ಎಚ್.ಐ.ವಿ. ಇದ್ದವರಿಗೂ ಬೇಗ ಹತ್ತುತ್ತದೆ. ಎರಡೂ ಇದ್ದವನಲ್ಲಿ ಅಪಾಯ ಕೂಡಿಕೆಯಾಗುವುದಿಲ್ಲ, ಗುಣಾಕಾರವಾಗುತ್ತದೆಂದು ದಕ್ಷಿಣ ಆಫ್ರಿಕದ ವೈದ್ಯರು ತೋರಿಸಿಕೊಟ್ಟರು.

ಈ ರೋಗಕ್ಕೂ ನಿದ್ದೆಗೂ ಏನು ನಂಟು? ವೈರಸ್ಸು ರಕ್ತದಲ್ಲಿ ಮಾತ್ರ ನಿಲ್ಲುವುದಿಲ್ಲ. ಸೋಂಕಿನ ಆದಿಯಲ್ಲಿಯೇ ಮಿದುಳನ್ನೂ ಸೇರುತ್ತದೆ. ೧೯೯೦ರ ಸುಮಾರಿಗೇ, ಹೊರಗೆ ಯಾವ ಲಕ್ಷಣವೂ ಕಾಣದ ಸೋಂಕಿತರಲ್ಲಿ ನಿದ್ದೆಯ ರಚನೆ ಬದಲಾಗಿರುವುದನ್ನು ಪರದೇಶದ ವೈದ್ಯರು ಮಿದುಳಿನ ಅಲೆಗಳನ್ನು ಬರೆದುಕೊಂಡು ನೋಡಿ ಗುರುತಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರು ೧೯೮೯ರಿಂದಲೇ ಈ ರೋಗ ನರಮಂಡಲವನ್ನು ತಟ್ಟುವ ಬಗೆಯನ್ನು ಅಭ್ಯಾಸ ಮಾಡುತ್ತ ಬಂದರು. ಇದಲ್ಲದೆ ರಾತ್ರಿಯ ಬೆವರು, ಜ್ವರ, ಕ್ಷಯದ ಕೆಮ್ಮು, ಭೇದಿ, ಅಂಗಾಲಿನ ಉರಿ ಒಂದೊಂದೂ ನಿದ್ದೆಯ ಶತ್ರುಗಳೇ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ ಪ್ರಕಟವಾದ ಲೆಕ್ಕವೊಂದರಲ್ಲಿ, ಸೋಂಕಿನೊಡನೆ ಬಾಳುವವರ ಪೈಕಿ ನೂರಕ್ಕೆ ೫೮ ಮಂದಿ ತಮಗೆ ನಿದ್ದೆಯ ತೊಂದರೆಯಿದೆಯೆಂದು ಹೇಳಿಕೊಂಡಿದ್ದಾರೆ.

ಇನ್ನು ಮದ್ದಿನ ಕಥೆ. ೨೦೦೪ರ ಏಪ್ರಿಲ್ ೧ರಿಂದ ಸರ್ಕಾರ ಎಚ್.ಐ.ವಿ. ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿತು. ಮೊದಲು ಆರಿಸಿದ ಕೆಲವೇ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಮೈಸೂರಿನ ಚೀಫ್ ಕಮಿಷನರಾಗಿದ್ದ ಲೆವಿನ್ ಬೌರಿಂಗನ ಹೆಸರನ್ನೇ ಹಿಂದೆ ಬೌರಿಂಗ್‌ಪೇಟೆಯೂ ಹೊತ್ತಿತ್ತು. ಮುಂದೆ ಕೋಲಾರವೂ ಸೇರಿ ಜಿಲ್ಲೆಗಳಲ್ಲಿ ಕೇಂದ್ರಗಳು ತೆರೆಯುವ ತನಕ, ಬಂಗಾರಪೇಟೆಯ ಕಡೆಯ ರೋಗಿಗೆ ಆ ಹಳೆಯ ಹೆಸರಿನ ಊರಿಂದ ಅದೇ ಹೆಸರಿನ ಆಸ್ಪತ್ರೆಗೆ ಬೆಳಗಿನ ಜಾವದ ರೈಲೇ ದಾರಿ.

ಆಗ ಕೊಡುತ್ತಿದ್ದ ಮದ್ದುಗಳು ಪ್ರಾಣ ಉಳಿಸಿದವು. ಈ ಮಾತಿನಲ್ಲಿ ಎರಡಿಲ್ಲ. ಆದರೆ ಅವುಗಳಲ್ಲಿ ಕೆಲವು ನಿದ್ದೆಯನ್ನು ಕೆಣಕಿದವು. ಸ್ಟಾವುಡಿನ್ ಎಂಬುದು ಹಲವರಿಗೆ ಅಂಗಾಲಿನ ನರಗಳನ್ನು ಕೆಡಿಸಿ ಇರುಳೆಲ್ಲ ಉರಿ ತರುತ್ತಿತ್ತು. ೨೦೦೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡುವಂತೆ ಸಲಹೆ ಮಾಡಿತು. ಎಫಾವಿರೆಂಜ್ ಎಂಬ ಇನ್ನೊಂದು ಮದ್ದು ನೇರವಾಗಿ ಮಿದುಳಿನ ಮೇಲೆಯೇ ಪರಿಣಾಮ ಮಾಡುವಂಥದು. ನುಂಗಿದ ಕೆಲವು ಗಂಟೆಗಳಲ್ಲಿ ತಲೆ ತಿರುಗು, ಆಮೇಲೆ ಕಣ್ಣಿಗೆ ಕಟ್ಟಿದಂಥ ಕನಸುಗಳು, ಕೆಲವೊಮ್ಮೆ ಭಯಂಕರವಾದವು. ಬಹುಪಾಲು ಜನರಲ್ಲಿ ಎರಡು ನಾಲ್ಕು ವಾರಗಳಲ್ಲಿ ಇದು ಇಳಿಯುತ್ತದೆ. ಹುಟ್ಟಿನಿಂದಲೇ ಆ ಮದ್ದನ್ನು ನಿಧಾನವಾಗಿ ಕರಗಿಸುವ ಮೈಯವರಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ.

ಗಣಿಯ ಹಳೆಯ ಕಥೆ ಇಲ್ಲಿ ಹೊಸ ಕಥೆಯನ್ನು ಸೇರುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮದ್ದು, ಆಗ ಸಾಮಾನ್ಯವಾಗಿ ಕೊಡುತ್ತಿದ್ದ ನೆವಿರಾಪಿನ್ ಎಂಬುದರ ಬಲವನ್ನು ಕುಗ್ಗಿಸುತ್ತದೆ. ಆದುದರಿಂದ ಕ್ಷಯವೂ ಎಚ್.ಐ.ವಿ.ಯೂ ಇದ್ದವರಿಗೆ ಎಫಾವಿರೆಂಜನ್ನೇ ಆರಿಸುತ್ತಿದ್ದರು. ಧೂಳಿನಿಂದ ಶ್ವಾಸಕೋಶ ಕೆಟ್ಟು, ಅದರಿಂದ ಕ್ಷಯ ಹತ್ತಿ, ಆ ಕ್ಷಯದ ದೆಸೆಯಿಂದಲೇ ಕನಸು ಕೆಡಿಸುವ ಮದ್ದು ಪಾಲಿಗೆ ಬಂದ ಗಣಿಗಾರನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು. ಅವನ ನಿದ್ದೆಗೇಡಿನ ಬೇರು ೧೯೪೦ಕ್ಕಿಂತ ಹಿಂದಿನ ಬಂಡೆಯ ಪುಡಿಯ ಕಥೆಗೇ ಸೇರಿದುದು. ೨೦೧೩ರಲ್ಲಿ ಎಫಾವಿರೆಂಜ್ ಸೇರಿದ ದಿನಕ್ಕೊಂದು ಮಾತ್ರೆಯೇ ಎಲ್ಲರಿಗೂ ಮೊದಲ ಆಯ್ಕೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮೇಲೆ ಈ ತೊಂದರೆ ಇನ್ನೂ ಹಲವರನ್ನು ಮುಟ್ಟಿತು.

ಆ ಮಾತ್ರೆಯನ್ನು ಮಲಗುವ ಮುನ್ನ, ಖಾಲಿ ಹೊಟ್ಟೆಯಲ್ಲಿ ನುಂಗಬೇಕೆಂಬುದು ನಿಯಮ; ಜಿಡ್ಡಿನ ಊಟದೊಡನೆ ನುಂಗಿದರೆ ಅಮಲು ಹೆಚ್ಚು. ಎಂಟು ಗಂಟೆ ನಿದ್ದೆ ಮಾಡುವವರಿಗೆ ಈ ನಿಯಮ ಸರಿಯೇ. ರಾತ್ರಿ ಹತ್ತಕ್ಕೆ ಮನೆ ಸೇರಿ ಉಂಡು, ಮಾತ್ರೆ ನುಂಗಿ, ಮೂರಕ್ಕೆ ಎದ್ದು ರೈಲಿಗೆ ಓಡುವವನ ಗತಿಯೇನು? ತಲೆ ತಿರುಗು ಇಳಿಯುವ ಮೊದಲೇ ಅವನು ಪ್ಲಾಟ್‌ಫಾರಂ ಮೇಲೆ ನಿಂತಿರಬೇಕು. ಕೆಟ್ಟ ಕನಸು ಬಿದ್ದರೆ ದೃಷ್ಟಿಯೆಂದೋ ಗಾಳಿ ಸೋಕೆಂದೋ ತಾಯತ ಕಟ್ಟಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕನಸಿನ ಕಾರಣ ಮಾತ್ರೆಯೆಂದು ಯಾರೂ ಹೇಳದಿದ್ದರೆ ಅವರನ್ನು ದೂರುವಂತಿಲ್ಲ. ಕೆಲವರು ಸಾರಾಯಿಯನ್ನೇ ನಿದ್ದೆಯ ಮದ್ದೆಂದು ನಂಬಿದ್ದರು. ೨೦೦೭ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ನಂಬಿಕೆ ನಿಲ್ಲಲಿಲ್ಲ. ಕುಡಿತ ಬೇಗ ಕಣ್ಣು ಮುಚ್ಚಿಸುವುದು ನಿಜ, ನಡುರಾತ್ರಿಯಲ್ಲಿ ಎಬ್ಬಿಸಿ ಕೂರಿಸುವುದೂ ಅಷ್ಟೇ ನಿಜ. ಕೊನೆಗೆ ಕೆಲವರು ಮಾಡುವುದು ಎಲ್ಲಕ್ಕಿಂತ ಅಪಾಯದ ಕೆಲಸ: ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಡುತ್ತಾರೆ. ಈ ರೋಗದಲ್ಲಿ ಮದ್ದು ತಪ್ಪಿದರೆ ವೈರಸ್ಸು ಮತ್ತೆ ತಲೆಯೆತ್ತುತ್ತದೆ, ಮದ್ದಿಗೆ ಬಗ್ಗದಂತೆಯೂ ಆಗುತ್ತದೆ. ನಿದ್ದೆಯ ಮಾತು ಪ್ರಾಣದ ಮಾತಾಗುವುದು ಹೀಗೆ.

ಇದಕ್ಕೆ ಇನ್ನೊಂದು ಭಾರವುಂಟು. ಸಾಲುಮನೆಯ ಒಂದೇ ಕೋಣೆಯಲ್ಲಿ ಗುಟ್ಟಿಗೆ ಎಡೆಯಿಲ್ಲ. ಮಾತ್ರೆಯ ಡಬ್ಬಿ ಯಾರ ಕಣ್ಣಿಗೂ ಬೀಳಬಾರದು, ಎಲ್ಲರೂ ಮಲಗಿದ ಮೇಲೆ ನುಂಗಬೇಕು ಎಂದು ಕಾದು ಕೂತವರು ಎಷ್ಟೋ ಮಂದಿ. ಸೋಂಕಿತರನ್ನು ಭೇದಭಾವದಿಂದ ನಡೆಸಿಕೊಳ್ಳುವುದು ಕಾನೂನಿಗೆ ವಿರುದ್ಧವೆಂದು ೨೦೧೭ರಲ್ಲಿ ಶಾಸನವಾಯಿತು, ೨೦೧೮ರ ಸೆಪ್ಟೆಂಬರಿನಲ್ಲಿ ಜಾರಿಗೂ ಬಂದಿತು. ಆದರೆ ಶಾಸನ ನೆರೆಮನೆಯ ಕಣ್ಣನ್ನು ಕೂಡಲೇ ಬದಲಿಸಲಾರದು.

ಕೇಳಬೇಕಾದ ಒಂದು ಪ್ರಶ್ನೆ

ಕಾಲ ಈಗ ಸ್ವಲ್ಪ ಒಳ್ಳೆಯದಾಗಿದೆ. ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡೊಲುಟೆಗ್ರಾವಿರ್ ಎಂಬ ಮದ್ದನ್ನು ಮೊದಲ ಆಯ್ಕೆಯಾಗಿ ಸೂಚಿಸಿತು. ಅದರ ಬೆನ್ನಿಗೇ ನಮ್ಮ ಸರ್ಕಾರಿ ಕೇಂದ್ರಗಳಲ್ಲಿಯೂ ಅದು ಬಳಕೆಗೆ ಬಂದು, ಎಫಾವಿರೆಂಜ್ ಬಹುಮಟ್ಟಿಗೆ ಹಿಂದೆ ಸರಿಯಿತು. ಹೊಸ ಮದ್ದಿನಿಂದಲೂ ಕೆಲವರಿಗೆ ನಿದ್ದೆ ಬಾರದಿರುವುದುಂಟು. ಅಂಥವರಲ್ಲಿ ಹಲವರಿಗೆ, ವೈದ್ಯರನ್ನು ಕೇಳಿ, ರಾತ್ರಿಯ ಬದಲು ಬೆಳಗ್ಗೆ ನುಂಗಿದರೆ ಗುಣ ಕಾಣುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ತೀರುವ ತೊಂದರೆಯನ್ನು, ಯಾರೂ ಕೇಳಲಿಲ್ಲವೆಂದು, ಹೇಳಲು ಸಂಕೋಚವೆಂದು, ವರ್ಷಗಟ್ಟಲೆ ಅನುಭವಿಸುವುದು ಅನ್ಯಾಯ. ಮದ್ದಿನಿಂದಲ್ಲದೆ ಕೆಮ್ಮಿನಿಂದಲೋ, ಗೊರಕೆಯಲ್ಲಿ ಉಸಿರು ಕಟ್ಟುವುದರಿಂದಲೋ, ಮನದ ಖಿನ್ನತೆಯಿಂದಲೋ ನಿದ್ದೆ ಕೆಟ್ಟಿದ್ದರೆ ಅವಕ್ಕೂ ಬೇರೆ ಬೇರೆ ಚಿಕಿತ್ಸೆಗಳಿವೆ. ಅಂಗಡಿಯಿಂದ ತಂದು ನುಂಗುವ ನಿದ್ದೆಗುಳಿಗೆ ಇವು ಯಾವುದಕ್ಕೂ ಉತ್ತರವಲ್ಲ.

ಇಂಡಿಯಾದಲ್ಲಿ ಇಂದು ಸುಮಾರು ೨೫ ಲಕ್ಷ ಜನ ಈ ಸೋಂಕಿನೊಡನೆ ಬಾಳುತ್ತಿದ್ದಾರೆಂದು ಅಂದಾಜು. ಮದ್ದು ತಪ್ಪದೆ ನಡೆದರೆ ಅವರು ಇತರರಂತೆಯೇ ದೀರ್ಘಕಾಲ ಬಾಳಬಲ್ಲರು. ಬದುಕುಳಿಸುವ ಪ್ರಶ್ನೆ ಬಹಳಮಟ್ಟಿಗೆ ಪರಿಹಾರವಾದ ಮೇಲೆ, ಆ ಬದುಕು ಹೇಗಿರಬೇಕೆಂಬ ಪ್ರಶ್ನೆ ಮುಂದೆ ಬರುತ್ತದೆ. ಅದರಲ್ಲಿ ನಿದ್ದೆ ಮೊದಲ ಸಾಲಿನದು. ಕೋಲಾರದ ಗಣಿಯ ಚರಿತ್ರೆ ನಮಗೆ ಕಲಿಸುವುದು ಇಷ್ಟೆ: ಪಾಳಿ ಕೆಡಿಸಿದ ನಿದ್ದೆಗೆ ಪಾಳಿಯೇ ಕಾರಣ, ಧೂಳು ಕೆಡಿಸಿದ ನಿದ್ದೆಗೆ ಧೂಳೇ ಕಾರಣ. ಕಾರಣವನ್ನು ಹೆಸರಿಟ್ಟು ಕರೆದಾಗ ಮಾತ್ರ ದಾರಿ ತೆರೆದಿದೆ. ಔಷಧದ ಚೀಟಿ ಬರೆಯುವವರು ‘ನಿದ್ದೆ ಹೇಗೆ ಬರುತ್ತದೆ? ಎಷ್ಟು ಗಂಟೆಗೆ ಏಳುತ್ತೀರಿ?’ ಎಂದು ಒಂದು ಮಾತು ಕೇಳಲಿ. ಚೀಟಿ ಹಿಡಿದು ನಿಂತವರು ಸಂಕೋಚ ಬಿಟ್ಟು ಇದ್ದುದನ್ನು ಹೇಳಲಿ. ನಮ್ಮ ಗಾದೆಯನ್ನು ಆಮೇಲೆ ಬೇಕಾದರೆ ನೆನೆಯೋಣ.